ಫಸಲು ಚೇಣಿಗೆ ಕೊಡಿ, ತೋಟ ಬರೆದುಕೊಡಬೇಡಿ

ಅನಿಮೇಷನ್ ಕಲಿಯುತ್ತೇನೆ, ಗೇಮ್ ಮಾಡುತ್ತೇನೆ, ಯೂಟ್ಯೂಬಿಗೆ ಕನ್ನಡದಲ್ಲಿ ಮಕ್ಕಳ ಕತೆ ಹಾಕುತ್ತೇನೆ ಎನ್ನುವ ಹುಡುಗ ಹುಡುಗಿಯರು ಈಗ ಶಿವಮೊಗ್ಗದ ನಮ್ಮ ರವೀಂದ್ರನಗರದಲ್ಲಿ ಅಡ್ಡರಸ್ತೆಗೊಬ್ಬರಂತೆ ಇದ್ದಾರೆ. ಅವರಲ್ಲಿ ಹಲವರು ನನ್ನ ಹಳೆಯ ವಿದ್ಯಾರ್ಥಿಗಳ ಮಕ್ಕಳು. ತಾಯ್ತಂದೆಯರು ನನ್ನನ್ನು ಕೇಳುವುದು, “ಟೀಚರ್, ಇದರಲ್ಲಿ ಹೊಟ್ಟೆ ತುಂಬುತ್ತಾ?” ಮಕ್ಕಳು ಕೇಳುವುದು, “ಅಜ್ಜಿ, ಸರ್ಕಾರದಿಂದ ಏನಾದರೂ ಸಿಗುತ್ತಾ?” ಎರಡಕ್ಕೂ ನನ್ನ ಉತ್ತರ ಹೌದು ಎಂದೇ. ಆದರೆ ಬರೀ ಹೌದು ಅಂದು ಕಳಿಸಿದರೆ ದೊಡ್ಡವಳಾಗಿ ನಾನು ಅರ್ಧ ಮಾತು ಹೇಳಿದ ಹಾಗಾಗುತ್ತದೆ. ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿಗುವುದೇನು ಎಂಬುದು. ಈ ಉದ್ಯಮಕ್ಕೆಂದೇ ಒಂದು ನೀತಿ ಮಾಡಿದ ಮೊದಲ ರಾಜ್ಯ ನಮ್ಮದು. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ನಾಲ್ಕನ್ನೂ ಸೇರಿಸಿ ಕರ್ನಾಟಕ 2012ರಲ್ಲಿ ನೀತಿ ತಂದಿತು. 2017ರಲ್ಲಿ ಎರಡನೆಯದು ಬಂತು. 2024ರ ಜನವರಿಯಲ್ಲಿ ಬಂದ ಮೂರನೆಯದು 2029ರವರೆಗೆ ನಡೆಯುತ್ತದೆ. 2028ರೊಳಗೆ 30,000 ಹೊಸ ಉದ್ಯೋಗ ಅದರ ಗುರಿ. ಬೆಂಗಳೂರಿನಲ್ಲಿ ಸರ್ಕಾರದ ಉತ್ಕೃಷ್ಟತಾ ಕೇಂದ್ರ ಇದೆ. ಕೇಂದ್ರ ಸರ್ಕಾರ 2022ರ ಬಜೆಟ್ಟಿನಲ್ಲಿ ಕಾರ್ಯಪಡೆ ರಚಿಸುವುದಾಗಿ ಹೇಳಿತು. ಆಮೇಲೆ ಮುಂಬಯಿಯಲ್ಲಿ ಇದಕ್ಕೆಂದೇ ರಾಷ್ಟ್ರೀಯ ಸಂಸ್ಥೆ ಹುಟ್ಟಿತು. 2026ರ ಬಜೆಟ್ಟಿನಲ್ಲಿ 15,000 ಪ್ರೌಢಶಾಲೆ, 500 ಕಾಲೇಜುಗಳಲ್ಲಿ ಕಂಟೆಂಟ್ ಲ್ಯಾಬ್ ತೆರೆಯುವ ಘೋಷಣೆ ಆಗಿದೆ. ಆ ಪಟ್ಟಿಯಲ್ಲಿ ಶಿವಮೊಗ್ಗದ ಶಾಲೆಗಳು ಎಷ್ಟು, ಭದ್ರಾವತಿಯವು ಎಷ್ಟು ಎಂದು ನಿಮ್ಮ ಹೆಡ್‌ಮಾಸ್ಟರನ್ನು, ಡಿಡಿಪಿಐ ಕಚೇರಿಯನ್ನು ಈಗಲೇ ಕೇಳಿ. ಕೇಳುವವರಿಲ್ಲದ ಊರಿಗೆ ಪಟ್ಟಿಯಲ್ಲಿ ಜಾಗ ಸಿಗುವುದು ಕಡಿಮೆ.

ಸರ್ಕಾರದ ನೆರವು ಎಂದರೆ ಮೂಗು ಮುರಿಯುವವರು ಇದ್ದಾರೆ. ಅವರ ಮಾತನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ಕಾರಣ ಇಲ್ಲಿಂದ ಅರ್ಧ ಗಂಟೆಯ ದಾರಿಯಲ್ಲಿದೆ. 1965ರಲ್ಲಿ ಭದ್ರಾವತಿಗೆ ಆಕಾಶವಾಣಿ ಬಂತು. ಕಬ್ಬಿಣ, ಕಾಗದದ ಕಾರ್ಖಾನೆಗಳ ಊರಿಗೆ ಸರ್ಕಾರ ಒಂದು ಮೈಕು, ಒಂದು ಸ್ಟುಡಿಯೋ, ಒಂದು ಪ್ರಸಾರ ಗೋಪುರ ಕೊಟ್ಟಿತು. ದಿನವೂ ಪ್ರಸಾರ ಮಾಡಲು ಸರಕು ಬೇಕಲ್ಲ? ಅದು ಈ ಸೀಮೆಯಿಂದಲೇ ಬರಬೇಕಾಯಿತು. ಸೋಬಾನೆ ಹಾಡುವ ಹೆಂಗಸರು ಬಂದರು, ಅಂಟಿಗೆ ಪಂಟಿಗೆಯವರು ಬಂದರು, ಕೃಷಿರಂಗದಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ಮಾತಾಡಲು ತೀರ್ಥಹಳ್ಳಿ, ಹೊಸನಗರದ ರೈತರು ಬಂದರು. ಕಾರ್ಖಾನೆಯ ಪಾಳಿ ಮುಗಿಸಿ ಬಂದ ನೌಕರರು ನಾಟಕಕ್ಕೆ ದನಿಯಾದರು. ಆಡಿಷನ್ ಪಾಸಾಗಿ ನಾನೂ ಎಷ್ಟೋ ವರ್ಷ ಅಲ್ಲಿನ ನಾಟಕಗಳಲ್ಲಿ ಪಾತ್ರ ಮಾಡಿದೆ. ಯಾವ ಖಾಸಗಿ ಕಂಪನಿಯೂ ಆ ಕಾಲದಲ್ಲಿ ಮಲೆನಾಡಿನ ಒಬ್ಬ ಹಾಡುಗಾರ್ತಿಯನ್ನು ಹುಡುಕಿಕೊಂಡು ಬರುತ್ತಿರಲಿಲ್ಲ. ಸರ್ಕಾರ ಬಂತು. ಅದನ್ನು ನಾವು ಮರೆಯಬಾರದು.

ಅದೇ ಭದ್ರಾವತಿಯಲ್ಲಿ ಇನ್ನೊಂದು ಪಾಠವೂ ಇದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಮೈಸೂರು ಕಾಗದ ಕಾರ್ಖಾನೆ (ಎಂಪಿಎಂ) ಹುಟ್ಟಿತು. 1977ರಲ್ಲಿ ಸರ್ಕಾರಿ ಕಂಪನಿ ಆಯಿತು, ಎಂಬತ್ತರ ದಶಕದಿಂದ ಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟ್ ತಯಾರಿಸಿತು. ಓದುವ ಉದ್ಯಮಕ್ಕೆ ಸರ್ಕಾರ ನಿಂತ ಬಗೆ ಅದು. 2015ರಲ್ಲಿ ಎಂಪಿಎಂ ಉತ್ಪಾದನೆ ನಿಲ್ಲಿಸಿತು. ನಷ್ಟ, ಸಾಲ, ಹಳತಾದ ಯಂತ್ರ, ಆಮದು ಕಾಗದದ ಪೈಪೋಟಿ, ಯಾವುದನ್ನು ಬೇಕಾದರೂ ಹೇಳಿ. ಪೇಪರ್‌ಟೌನಿನ ಮನೆಗಳು ಖಾಲಿಯಾದದ್ದಂತೂ ನಿಜ. ಸರ್ಕಾರ ಕೈ ಹಿಡಿದು ನಡೆಸಬಹುದು, ಆದರೆ ಕೊನೆವರೆಗೂ ಹಿಡಿದಿರುತ್ತದೆ ಎಂಬ ಭರವಸೆ ಯಾರಿಗೂ ಇಲ್ಲ. ಮೇಲೆ ಹೇಳಿದ ಮೂರು ನೀತಿಗಳ ಅವಧಿಯೂ ಐದೈದು ವರ್ಷದ್ದೇ ಎಂಬುದನ್ನು ನೆನಪಿಡಿ.

ಹೊರದೇಶದ ಕಂಪನಿಯಾದರೆ ಕಾಯಂ ಅಂದುಕೊಂಡವರಿಗೆ 2025ರ ಫೆಬ್ರುವರಿ ಉತ್ತರ ಹೇಳಿತು. ಫ್ರಾನ್ಸಿನ ಟೆಕ್ನಿಕಲರ್ ಸಂಸ್ಥೆ ಏಕಾಏಕಿ ಕುಸಿಯಿತು. ಅದರ ಎಂಪಿಸಿ ಎಂಬ ವಿಭಾಗ ‘ದಿ ಲಯನ್ ಕಿಂಗ್’ ಸಿನಿಮಾದ ಪ್ರಾಣಿಗಳಿಗೆ ಜೀವ ಕೊಟ್ಟಾಗ ಬೆಂಗಳೂರಿನ ಹುಡುಗರೂ ಆ ಕೆಲಸ ಮಾಡಿದ್ದರು. ಅಂಥ ಸಾವಿರಾರು ಮಂದಿಯ ಕೆಲಸ ಕೆಲವೇ ದಿನಗಳಲ್ಲಿ ಹೋಯಿತು. ಅವರ ಕೈಚಳಕ ಜಗತ್ತಿನಲ್ಲಿ ಯಾರಿಗೂ ಕಡಿಮೆಯದ್ದಲ್ಲ. ಆದರೆ ಅವರು ವರ್ಷಗಟ್ಟಲೆ ರೂಪಿಸಿದ ಸಿಂಹದ ಕೇಸರದ ಒಂದು ಕೂದಲೂ ಅವರದ್ದಲ್ಲ. ಕೆಲಸ ಹೋದ ದಿನ ಮನೆಗೆ ತರಲು ಅವರಲ್ಲಿ ಉಳಿದದ್ದು ಅನುಭವ ಮಾತ್ರ.

ನಮ್ಮ ನೀತಿಗಳಲ್ಲಿ ನನಗೆ ಕಾಣುವ ಕೊರತೆಯೂ ಇಲ್ಲೇ ಇದೆ. ಉದ್ಯೋಗ ಎಷ್ಟು, ರಫ್ತು ಎಷ್ಟು ಎಂಬ ಲೆಕ್ಕ ಅಲ್ಲಿ ಚೆನ್ನಾಗಿದೆ. ಸೊರಬದ ಅಂಗನವಾಡಿಯಲ್ಲಿ ಕೂತ ಮಗು ತನ್ನ ಮಾತಿನಲ್ಲಿ, ತನ್ನ ಊರಿನಂಥ ಊರಿನ ಕಾರ್ಟೂನು ಎಷ್ಟು ಹೊತ್ತು ನೋಡುತ್ತದೆ ಎಂಬ ಲೆಕ್ಕವೂ ಅಷ್ಟೇ ಮುಖ್ಯವಾಗಬೇಕಿತ್ತು. ಈಗ ಆ ಮಗು ನೋಡುವುದರಲ್ಲಿ ಹೆಚ್ಚಿನದು ಎಲ್ಲೋ ತಯಾರಾಗಿ ಕನ್ನಡದ ದನಿ ಅಂಟಿಸಿಕೊಂಡು ಬಂದದ್ದು.

ಬೇರೆ ದಾರಿ ಇದೆಯೇ ಎಂದು ಕೇಳಿದರೆ ಮಲೇಷ್ಯಾ ನೋಡಿ. ಆ ದೇಶ ತೊಂಬತ್ತರ ದಶಕದಲ್ಲಿ ಸಾಕಷ್ಟು ಹಣ ಹಾಕಿ ಡಿಜಿಟಲ್ ಉದ್ಯಮದ ವಲಯ ಕಟ್ಟಿತು, ಅದಕ್ಕೆಂದೇ ಮಲ್ಟಿಮೀಡಿಯಾ ವಿಶ್ವವಿದ್ಯಾಲಯ ತೆರೆಯಿತು. ಅಲ್ಲಿ ಕಲಿತ ಹುಡುಗರು ಸೇರಿ 2007ರ ರಂಜಾನ್ ತಿಂಗಳಿಗೆಂದು ‘ಉಪಿನ್ ಮತ್ತು ಇಪಿನ್’ ಎಂಬ ಪುಟ್ಟ ಸರಣಿ ಮಾಡಿದರು. ತಾಯ್ತಂದೆ ಇಲ್ಲದ ಅವಳಿ ಹುಡುಗರು, ಅವರನ್ನು ಸಾಕುವ ಅಜ್ಜಿ, ಗದರುವ ಅಕ್ಕ, ಒಂದು ಹಳ್ಳಿ, ಇಷ್ಟೇ. ಮಾತು ಮಲಯ. ಅದು ಇಂಡೋನೇಷ್ಯಾದಲ್ಲೂ ಮನೆಮಾತಾಯಿತು, ಇಂದಿಗೂ ನಡೆಯುತ್ತಿದೆ. ಸರ್ಕಾರ ಕೊಟ್ಟದ್ದು ಕಲಿಕೆ, ಸಲಕರಣೆ, ನೆಲೆ. ಹಳ್ಳಿ, ಅಜ್ಜಿ, ಮಾತು ಆ ಹುಡುಗರದ್ದು. ಪಾತ್ರಗಳು ಆ ದೇಶದ್ದೇ ಆದ ಕಂಪನಿಯವು.

ನಮ್ಮಲ್ಲಿ ಅಂಥ ಹಳ್ಳಿ ಇಲ್ಲವೇ? ದೂರದರ್ಶನಕ್ಕಾಗಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆದದ್ದು ನಮ್ಮ ಆಗುಂಬೆಯಲ್ಲಿ. ಸರಣಿಯ ರೈಲು ನಿಂತದ್ದು ಅರಸಾಳಿನಲ್ಲಿ. ಆ ನಿಲ್ದಾಣದಲ್ಲಿ ಈಗ ರೈಲ್ವೆಯವರು ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ನಮ್ಮ ಮಳೆ, ನಮ್ಮ ಜಗಲಿ, ಬಹುಪಾಲು ನಮ್ಮ ಕಲಾವಿದರು. ದೇಶ ಅದನ್ನು ಎಂಬತ್ತರ ದಶಕದಲ್ಲಿ ಹಿಂದಿಯಲ್ಲಿ ನೋಡಿ ಮೆಚ್ಚಿತು. ಈ ಜಿಲ್ಲೆಯ ಒಂದು ಹಳ್ಳಿಯನ್ನು ಇಡೀ ದೇಶ ತನ್ನದೆಂದುಕೊಳ್ಳಬಲ್ಲದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಅದು ಮುಂದಿನ ಸಲ ಕನ್ನಡದಲ್ಲೇ ಹುಟ್ಟಲಿ, ನಿಮ್ಮ ಕೈಯಲ್ಲಿ ಹುಟ್ಟಲಿ ಎಂಬುದು ನನ್ನ ಆಸೆ.

ಈಗ ನಾನು ಹೇಳಲೇಬೇಕೆಂದಿದ್ದ ಮಾತು. ಅಡಿಕೆ ತೋಟದವರು ಫಸಲನ್ನು ಚೇಣಿಗೆ, ಎಂದರೆ ಆ ವರ್ಷದ ಮಟ್ಟಿಗೆ ಗುತ್ತಿಗೆಗೆ, ಕೊಡುತ್ತಾರೆ. ಚೇಣಿದಾರ ಕೊನೆ ಕೊಯ್ದು, ಸುಲಿದು, ಮಾರಿಕೊಳ್ಳುತ್ತಾನೆ. ಮುಂದಿನ ವರ್ಷ ತೋಟ ಮತ್ತೆ ನಿಮ್ಮದೇ. ಬೇಕಾದರೆ ಅವನಿಗೇ ಕೊಡಿ, ಬೇಡವಾದರೆ ಇನ್ನೊಬ್ಬನಿಗೆ. ನಿಮ್ಮ ಕತೆ, ನಿಮ್ಮ ಪಾತ್ರ, ನಿಮ್ಮ ಗೇಮ್ ಎಲ್ಲವನ್ನೂ ಹಾಗೆಯೇ ಕೊಡಿ. ತೋಟ ಬರೆದುಕೊಡಬೇಡಿ.

ನನ್ನ ಅಕ್ಕನ ಮೊಮ್ಮಗ ಒಬ್ಬ ದನ ಕಾಯುವ ಹುಡುಗಿಯ ಕಾರ್ಟೂನು ಪಾತ್ರ ಮಾಡಿದ್ದ. ಹುಡುಗಿಗೆ ಕಂಬಳಿಕೊಪ್ಪೆ, ಕೈಯಲ್ಲಿ ಕೋಲು, ಜೊತೆಗೊಂದು ಮೊಂಡು ಕರು. ಒಂದು ಕಂಪನಿ ಒಂದಿಷ್ಟು ಸಾವಿರ ಕೊಟ್ಟು ಅದನ್ನು ತೆಗೆದುಕೊಂಡಿತು. ಒಪ್ಪಂದ ಇಂಗ್ಲಿಷಿನಲ್ಲಿತ್ತು. ಎಲ್ಲ ಮಾಧ್ಯಮಗಳಿಗೆ, ಇಡೀ ಜಗತ್ತಿಗೆ, ಶಾಶ್ವತವಾಗಿ ಎಂಬ ಮೂರು ಮಾತು ಅದರಲ್ಲಿದ್ದವು. ಎರಡು ವರ್ಷದ ಮೇಲೆ ಆ ಹುಡುಗಿ ಶಾಲೆಯ ಬ್ಯಾಗಿನ ಮೇಲೆ ಬಂದಳು. ಅವನಿಗೆ ಒಂದು ಪೈಸೆಯೂ ಬರಲಿಲ್ಲ, ಅವನ ಹೆಸರೂ ಎಲ್ಲೂ ಇರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕಾನೂನು ನಿಮ್ಮ ಕಡೆಗಿದೆ, ಆದರೆ ಅದನ್ನು ತಿಳಿದುಕೊಳ್ಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ಹುಟ್ಟುವುದು ನೀವು ಬರೆದ ಕ್ಷಣದಲ್ಲಿ, ಬಿಡಿಸಿದ ಕ್ಷಣದಲ್ಲಿ. ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸಿ, ನಾಳೆ ತಕರಾರು ಬಂದರೆ ಸಾಕ್ಷಿಗೆ ಬೇಕು. ಬರಹಕ್ಕೆ, ಚಿತ್ರಕ್ಕೆ ಶುಲ್ಕ 500 ರೂಪಾಯಿ. ತಲೆಯಲ್ಲಿರುವ ಐಡಿಯಾಕ್ಕೆ ಹಕ್ಕಿಲ್ಲ, ಕಾಗದಕ್ಕೆ ಇಳಿದದ್ದಕ್ಕೆ ಮಾತ್ರ. ಹಾಗಾಗಿ ಹೋಟೆಲಿನಲ್ಲಿ ಕೂತು ಕತೆ ಹೇಳುವ ಮೊದಲು ಮನೆಯಲ್ಲಿ ಕೂತು ಬರೆಯಿರಿ. ಸಂಬಳಕ್ಕಿದ್ದು ಮಾಡಿದ ಕೆಲಸದ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ಸಂಬಳ ಕೊಟ್ಟವರದ್ದು. ಅದು ನ್ಯಾಯವೇ. ಆದರೆ ರಾತ್ರಿ ನಿಮ್ಮದೇ ಕಂಪ್ಯೂಟರಿನಲ್ಲಿ ಮಾಡುವ ನಿಮ್ಮ ಕೆಲಸವನ್ನು ಅದರೊಂದಿಗೆ ಬೆರೆಸಬೇಡಿ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇದ್ದರೆ ಮಾತ್ರ ಊರ್ಜಿತ. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೇ ಕಾನೂನು ತಿಳಿಯುತ್ತದೆ. ಯಾವ ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. 2012ರ ತಿದ್ದುಪಡಿಯ ಮೇಲೆ ಇನ್ನೊಂದು ರಕ್ಷಣೆಯೂ ಸೇರಿದೆ: ಒಪ್ಪಂದದ ಹೊತ್ತಿಗೆ ಇಲ್ಲದ, ಒಪ್ಪಂದದಲ್ಲಿ ಹೆಸರಿಸದ ಹೊಸ ಮಾಧ್ಯಮಕ್ಕೆ ಆ ವರ್ಗಾವಣೆ ಅನ್ವಯಿಸದು. ಇಷ್ಟೆಲ್ಲ ರಕ್ಷಣೆಯನ್ನು ಅಳಿಸಿಹಾಕಲಿಕ್ಕೆಂದೇ ಆ ‘ಶಾಶ್ವತ’, ‘ಇಡೀ ಜಗತ್ತು’ ಎಂಬ ಮಾತುಗಳನ್ನು ಸೇರಿಸುವುದು. ಅವನ್ನು ಕಂಡಲ್ಲಿ ಪೆನ್ನು ಕೆಳಗಿಡಿ, ವರ್ಷ ಬರೆಸಿ, ದೇಶ ಬರೆಸಿ, ಪಾಲು ಬರೆಸಿ.

ಸರ್ಕಾರದ ಹತ್ತಿರ ಹೋದಾಗಲೂ ಇದೇ ಎಚ್ಚರ ಇರಲಿ. ಕನ್ನಡ ಸಿನಿಮಾಗಳಿಗೆ ಸರ್ಕಾರವೇ ಓಟಿಟಿ ವೇದಿಕೆ ಮಾಡುವುದಾಗಿ ನಮ್ಮ ರಾಜ್ಯದ 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಕೇರಳ ಅದಕ್ಕೆ ಒಂದು ವರ್ಷ ಮೊದಲೇ ಸಿ ಸ್ಪೇಸ್ ಎಂಬುದನ್ನು ತೆರೆದಿತ್ತು. ಒಂದು ಸಿನಿಮಾ ನೋಡಲು 75 ರೂಪಾಯಿ, ಅದರಲ್ಲಿ ಅರ್ಧ ನಿರ್ಮಾಪಕರಿಗೆ ಎಂಬ ಏರ್ಪಾಟಿನಿಂದ ಅದು ಶುರುವಾಯಿತು. ನಮ್ಮ ವೇದಿಕೆ ಬಂದಾಗ ನಮ್ಮ ಪಾಲೆಷ್ಟು ಎಂದು ಗಟ್ಟಿಯಾಗಿ ಕೇಳಿ. ಸಹಾಯಧನ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಏನನ್ನೂ ಮಾಡಬೇಡಿ. ಸಬ್ಸಿಡಿಯ ಅರ್ಜಿಗೆ ಹೊಂದುವಂತೆ ಹೊಲಿದ ಕತೆ ಅರ್ಜಿಯ ಜೊತೆಗೇ ಕಡತ ಸೇರುತ್ತದೆ, ಮಗುವಿನ ಕಣ್ಣಿಗೆ ಬೀಳುವುದಿಲ್ಲ.

ಮಾಡಿದ್ದರ ಮೂಲ ಫೈಲುಗಳನ್ನು ಜೋಪಾನ ಮಾಡಿ, ಎರಡು ಕಡೆ ಇಡಿ. ತೀರ್ಥಹಳ್ಳಿ ಸೀಮೆಯ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ 1977ರದ್ದು. 2024ರಲ್ಲಿ ಅದು ಹೊಸ ಕಳೆಯೊಂದಿಗೆ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದ ಅದು ಸಾಧ್ಯವಾಯಿತು. ಸರ್ಕಾರದ ನೆರವು ಎಂದರೆ ಹಣ ಮಾತ್ರವಲ್ಲ, ಹೀಗೆ ಕಾಯ್ದಿಡುವ ಕೆಲಸವೂ ಹೌದು. ನಮ್ಮ ಜನಪ್ರತಿನಿಧಿಗಳ ಹತ್ತಿರ ಅದನ್ನೂ ಕೇಳೋಣ.

ಇನ್ನೊಂದು ಮಾತಿದೆ, ಅದು ಹೊರಗಿನ ಕಂಪನಿಗಲ್ಲ, ನಿಮಗೆ. ಸಾಗರ, ಸೊರಬದ ದೀವರ ಮನೆಗಳ ಗೋಡೆಯಲ್ಲಿ ಹಸೆ ಚಿತ್ತಾರ ನೋಡಿದ್ದೀರಲ್ಲ? ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅನಿಮೇಷನ್ನಿಗೆ ಹೇಳಿ ಮಾಡಿಸಿದ ರೇಖೆಗಳವು, ನಿಮ್ಮಲ್ಲಿ ಕೆಲವರು ಆಗಲೇ ಅದಕ್ಕೆ ಕೈ ಹಾಕಿದ್ದೀರಿ. ಸಂತೋಷ. ಆದರೆ ಮೊಬೈಲಿನಲ್ಲಿ ಫೋಟೋ ಹೊಡೆದು ತಂದು ನಿಮ್ಮದೆನ್ನಬೇಡಿ. ಬರೆದ ಆ ತಾಯಿಯ ಹೆಸರು ಕೇಳಿ, ಹೆಸರು ಹಾಕಿ, ದುಡ್ಡು ಬಂದಾಗ ಪಾಲು ಕೊಡಿ. ನಿಮ್ಮ ಹಕ್ಕಿಗಾಗಿ ನಾಳೆ ಜಗಳವಾಡುವ ಬಾಯಿ ಇಂದು ಅವರ ಹಕ್ಕನ್ನು ನುಂಗಬಾರದು.

ಓದಲು ಬೆಂಗಳೂರಿಗೆ ಹೋಗುವವರು ಹೋಗಿ. ಕಂಪನಿಯಲ್ಲಿ ನಾಲ್ಕು ವರ್ಷ ದುಡಿದು ಕೈ ಪಳಗಿಸಿಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ, ಹೊಟ್ಟೆಪಾಡನ್ನು ನಾನು ಹಗುರಾಗಿ ನೋಡುವವಳಲ್ಲ. ಆ ನಾಲ್ಕು ವರ್ಷದಲ್ಲಿ ನಿಮ್ಮದೇ ಎನ್ನುವ ಒಂದು ಸಣ್ಣ ಕತೆ, ಮೂರೇ ನಿಮಿಷದ್ದಾದರೂ ಸರಿ, ಕನ್ನಡದಲ್ಲಿ ಮುಗಿಸಿ. ಒಪ್ಪಂದದ ಕಾಗದ ಬಂದ ದಿನ ಸಹಿಗೆ ಅವಸರ ಬೇಡ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ, ಆದಾಯ ಕಡಿಮೆ ಇರುವವರಿಗೆ ಅಲ್ಲಿ ನೆರವು ಉಚಿತ. ಅದಕ್ಕೂ ಸಂಕೋಚವಾದರೆ ಕಾಗದವನ್ನು ನಮ್ಮ ಮನೆಗೆ ತನ್ನಿ, ಕೂತು ಒಂದೊಂದು ಸಾಲೂ ಓದೋಣ.