ವೃದ್ಧರ ಹೃದಯದ ಯಂತ್ರ: ಹೊರತೆಗೆಯಬೇಕಾಗುವುದು ಯಾವಾಗ?

ಹಿಂದಿನ ಕಾಲದಲ್ಲಿ ಹೃದಯದ ಬಡಿತ ನಿಧಾನವಾಗಿ, ಆಗಾಗ ಕಣ್ಣು ಕತ್ತಲೆಗೂಡಿ ಬೀಳುತ್ತಿದ್ದ ವೃದ್ಧರನ್ನು ಕಂಡು "ವಯಸ್ಸಾಯಿತು" ಎಂದು ನಿಟ್ಟುಸಿರಿಡುವುದರ ಹೊರತು ಬೇರೆ ದಾರಿಯಿರಲಿಲ್ಲ. ಇಂದು ಹಾಗಿಲ್ಲ. ನಮ್ಮ ಸಂಘದ ಸಮಾರಂಭಗಳಿಗೆ ಬರುವ ಹಿರಿಯರಲ್ಲಿಯೇ ಕೆಲವರ ಕೊರಳೆಲುಬಿನ ಕೆಳಗೆ, ಚರ್ಮದಡಿಯಲ್ಲಿ, ಒಂದು ಪುಟ್ಟ ಪೆಟ್ಟಿಗೆ ಹುದುಗಿರುತ್ತದೆ. ಅದೇ ಪೇಸ್‌ಮೇಕರ್. ಅದನ್ನು ಅಳವಡಿಸುವ ವಿಷಯವಾಗಿ ಜನರಲ್ಲಿ ಸಾಕಷ್ಟು ತಿಳಿವಳಿಕೆ ಹಬ್ಬಿದೆ. ಆದರೆ ಅದನ್ನು ಹೊರತೆಗೆಯಬೇಕಾದ ಪ್ರಸಂಗವೂ ಒದಗಬಹುದೆಂಬುದು ಬಹುಮಂದಿಗೆ ತಿಳಿಯದು. ತಿಳಿಯದೆ ಕಳೆದ ಒಂದೆರಡು ತಿಂಗಳೇ ಪ್ರಾಣಕ್ಕೆ ಮುಳುವಾಗುವುದುಂಟು. ಆದುದರಿಂದ ಈ ವಿಚಾರವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಯಂತ್ರದ ರಚನೆ

1958ರ ಅಕ್ಟೋಬರ್ 8ರಂದು ಸ್ವೀಡನ್ ದೇಶದ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು, ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರು ರಚಿಸಿದ ಯಂತ್ರವನ್ನು ಆರ್ನೆ ಲಾರ್ಸನ್ ಎಂಬ ರೋಗಿಯ ದೇಹದೊಳಗೆ ಮೊದಲ ಬಾರಿಗೆ ಇರಿಸಿದರು. ಆ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತು. ಆದರೆ ಲಾರ್ಸನ್ ಅವರು ಇಪ್ಪತ್ತಕ್ಕೂ ಹೆಚ್ಚು ಯಂತ್ರಗಳನ್ನು ಒಂದಾದ ಮೇಲೊಂದರಂತೆ ಬದಲಾಯಿಸಿಕೊಂಡು 2001ರವರೆಗೆ, ತಮ್ಮ 86ನೆಯ ವಯಸ್ಸಿನವರೆಗೆ, ಬದುಕಿದರು. ಹಾಕುವುದರೊಡನೆ ತೆಗೆಯುವುದೂ ಈ ಚಿಕಿತ್ಸೆಯ ಜೊತೆಯಲ್ಲಿಯೇ ಹುಟ್ಟಿಬಂದಿತೆನ್ನಬಹುದು.

ಯಂತ್ರದಲ್ಲಿ ಎರಡು ಭಾಗಗಳು. ಒಂದು, ಲಿಥಿಯಂ ಬ್ಯಾಟರಿಯನ್ನೊಳಗೊಂಡ ಟೈಟೇನಿಯಂ ಲೋಹದ ಪೆಟ್ಟಿಗೆ. ಇನ್ನೊಂದು, ಅದರಿಂದ ಹೊರಟು ಅಭಿಧಮನಿಯ ಮೂಲಕ ಹೃದಯದ ಬಲಭಾಗವನ್ನು ಸೇರುವ ಒಂದೆರಡು ತಂತಿಗಳು. 1980ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಮಿಷೆಲ್ ಮಿರೋವ್ಸ್ಕಿ ಮತ್ತು ಅವರ ಸಂಗಡಿಗರು ಬಳಕೆಗೆ ತಂದ ಡಿಫಿಬ್ರಿಲೇಟರ್ ಎಂಬ ಯಂತ್ರವು ಇದರ ಅಣ್ಣನಂತೆ. ಹೃದಯದ ಬಡಿತ ಅಪಾಯಕರವಾಗಿ ದಿಕ್ಕುಗೆಟ್ಟಾಗ ಅದು ಬಲವಾದ ವಿದ್ಯುದಾಘಾತವನ್ನು ಕೊಟ್ಟು ಬಡಿತವನ್ನು ಸರಿಪಡಿಸುತ್ತದೆ.

ಬ್ಯಾಟರಿಯು ಸಾಮಾನ್ಯವಾಗಿ 8ರಿಂದ 12 ವರ್ಷ ಬಾಳುತ್ತದೆ. ಅದು ಮುಗಿದಾಗ ಪೆಟ್ಟಿಗೆಯನ್ನು ಮಾತ್ರ ಬದಲಿಸಿ, ಹಳೆಯ ತಂತಿಗಳಿಗೇ ಹೊಸ ಪೆಟ್ಟಿಗೆಯನ್ನು ಜೋಡಿಸುತ್ತಾರೆ. ಇದು ಸಣ್ಣ ಶಸ್ತ್ರಕ್ರಿಯೆ. ತಂತಿಗಳನ್ನು ತೆಗೆಯುವುದು ಇದಕ್ಕಿಂತ ತೀರ ಬೇರೆಯಾದ ಕಾರ್ಯ. ತಂತಿಯನ್ನು ದೇಹವು ಪರಕೀಯ ವಸ್ತುವೆಂದು ಗುರುತಿಸಿ, ಅದರ ಸುತ್ತ ನಾರಿನಂತಹ ಕಲೆಯನ್ನು ಬೆಳೆಸುತ್ತದೆ. ಒಂದೆರಡು ವರ್ಷಗಳಲ್ಲಿ ತಂತಿಯು ಅಭಿಧಮನಿಯ ಗೋಡೆಗೂ ಹೃದಯದ ಒಳಪದರಕ್ಕೂ ಅಂಟಿಕೊಳ್ಳುತ್ತದೆ. ಹಳೆಯ ಗೋಡೆಯಲ್ಲಿ ಬೇರೂರಿದ ಅರಳಿಯ ಸಸಿಯನ್ನು, ಗೋಡೆ ಬೀಳದಂತೆ ಕೀಳುವುದೆಷ್ಟು ಕಷ್ಟವೋ ಇದೂ ಅಷ್ಟೇ ಕಷ್ಟ.

ತೆಗೆಯಲೇಬೇಕಾದ ಸಂದರ್ಭ

ಅಂತಹ ಕಾರಣಗಳಲ್ಲಿ ಮೊದಲನೆಯದು ಸೋಂಕು. ಇದು ಮೊದಲ ಬಾರಿ ಯಂತ್ರ ಹಾಕಿದಾಗಿಗಿಂತ, ಪೆಟ್ಟಿಗೆ ಬದಲಿಸಿದ ಮೇಲೆ ಹೆಚ್ಚಾಗಿ ತಲೆದೋರುತ್ತದೆ. ಸ್ಟ್ಯಾಫಿಲೊಕಾಕಸ್ ಜಾತಿಯ ರೋಗಾಣುಗಳೇ ಇದಕ್ಕೆ ಬಹುಮಟ್ಟಿಗೆ ಕಾರಣ.

ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ತಂದೆಗೆ ಎಪ್ಪತ್ತೆಂಟು ವರ್ಷ; ಊರಿನಲ್ಲಿ ವಾಸ. ಮಗನು ಮುಂಬಯಿಯಲ್ಲಿ ಅವರ ಪೆಟ್ಟಿಗೆಯನ್ನು ಬದಲಿಸಿಸಿ ಊರಿಗೆ ಕಳುಹಿಸಿದ. ಎಂಟು ತಿಂಗಳ ತರುವಾಯ ಆ ಜಾಗ ಕೆಂಪಾಗಿ, ಸ್ವಲ್ಪ ನೀರು ಒಸರತೊಡಗಿತು. ಮನೆಯವರು ಅರಿಸಿನ ಹಚ್ಚಿದರು. ಹತ್ತಿರದ ವೈದ್ಯರು ಐದು ದಿನ ಮಾತ್ರೆ ಕೊಟ್ಟರು, ಒಸರುವುದು ನಿಂತಿತು, ಮತ್ತೆ ಆರಂಭವಾಯಿತು, ಮತ್ತೆ ಮಾತ್ರೆ. ಹೀಗೆಯೇ ಮೂರು ತಿಂಗಳು ಸಂದವು. ಕಡೆಗೆ ಚಳಿಜ್ವರ ಬಂದಾಗ ಮಲೇರಿಯಾ ಇರಬಹುದೆಂದರು. ಅಷ್ಟರಲ್ಲಿ ರೋಗಾಣುಗಳು ತಂತಿಯ ಗುಂಟ ಹೃದಯದ ಕವಾಟವನ್ನು ತಲಪಿರುತ್ತವೆ. ಇಲ್ಲಿ ಯಾರೂ ಅಲಕ್ಷ್ಯ ಮಾಡಲಿಲ್ಲ. ಎಲ್ಲರೂ ತಮಗೆ ತಿಳಿದುದನ್ನು ಮಾಡಿದರು. ತಿಳಿಯಬೇಕಾದುದು ಮಾತ್ರ ಯಾರಿಗೂ ತಿಳಿದಿರಲಿಲ್ಲ.

ಮಾತ್ರೆಗಳಿಂದ ಏಕೆ ಗುಣವಾಗುವುದಿಲ್ಲ? ರೋಗಾಣುಗಳು ಲೋಹ ಮತ್ತು ಪ್ಲಾಸ್ಟಿಕ್ಕಿನ ಮೇಲೆ ಲೋಳೆಯಂತಹ ಪದರವನ್ನು ಕಟ್ಟಿಕೊಂಡು ಅದರೊಳಗೆ ಅಡಗಿರುತ್ತವೆ. ಔಷಧಿಯು ರಕ್ತದಲ್ಲಿರುವ ರೋಗಾಣುಗಳನ್ನು ಕೊಲ್ಲಬಲ್ಲುದು. ಈ ಕೋಟೆಯನ್ನು ಭೇದಿಸಲಾರದು. ಆದುದರಿಂದ ಪೆಟ್ಟಿಗೆಯ ಸುತ್ತ ಕೀವುಗಟ್ಟಿದರೆ, ಚರ್ಮ ಹರಿದು ಪೆಟ್ಟಿಗೆಯಾಗಲಿ ತಂತಿಯಾಗಲಿ ಹೊರಗೆ ಕಂಡರೆ, ಅಥವಾ ತಂತಿ ಇಲ್ಲವೆ ಕವಾಟಕ್ಕೆ ಸೋಂಕು ತಗುಲಿದರೆ, ಪೆಟ್ಟಿಗೆ ಮತ್ತು ತಂತಿಗಳೆಲ್ಲವನ್ನೂ ತೆಗೆಯಬೇಕೆಂಬುದೇ ಇಂದಿನ ವೈದ್ಯಶಾಸ್ತ್ರದ ನಿರ್ಣಯ. ಗಾಯವನ್ನು ತೊಳೆದು ಮತ್ತೆ ಹೊಲಿಯುವುದರಿಂದ ರೋಗ ಮರುಕಳಿಸುತ್ತದೆ. ಯಂತ್ರ ಹಾಕಿದ ಹೊಸದರಲ್ಲಿ ಹೊಲಿಗೆಯ ಜಾಗದಲ್ಲಿ ಮಾತ್ರ ಕಾಣುವ ಮೇಲುಮೇಲಿನ ಸೋಂಕು ಇದಕ್ಕೆ ಅಪವಾದ. ಆದರೆ ಆ ಭೇದವನ್ನು ನಿರ್ಧರಿಸಬೇಕಾದವರು ಯಂತ್ರ ಹಾಕಿದ ತಜ್ಞರೇ ಹೊರತು ಮನೆಯವರಲ್ಲ.

ತಂತಿ ಮುರಿಯುವುದು, ಅದರ ಹೊದಿಕೆ ಹರಿಯುವುದು ಇನ್ನಿತರ ಕಾರಣಗಳು. ಸೋಂಕಿಲ್ಲದಿದ್ದರೆ ವೃದ್ಧರಲ್ಲಿ ಹಳೆಯ ತಂತಿಯನ್ನು ಅಲ್ಲಿಯೇ ಬಿಟ್ಟು, ಪಕ್ಕದಲ್ಲಿ ಹೊಸದನ್ನು ಹಾಕುವುದೇ ಎಷ್ಟೋ ವೇಳೆ ಮೇಲು.

ಶಸ್ತ್ರಕ್ರಿಯೆಯ ಕ್ರಮ

ಮೊದಲು ಪೆಟ್ಟಿಗೆಯನ್ನು ಬಿಡಿಸಿ, ತಂತಿಯ ಒಳಗೆ ಒಂದು ಬೀಗದ ಸರಿಗೆಯನ್ನು ತೂರಿಸಿ ಬಿಗಿಹಿಡಿಯುತ್ತಾರೆ. ಅನಂತರ ತಂತಿಯ ಮೇಲೆ ಒಂದು ಕೊಳವೆಯನ್ನು ಸರಿಸುತ್ತ ಹೋಗಿ, ಅದರ ತುದಿಯಲ್ಲಿರುವ ಲೇಸರ್ ಕಿರಣದಿಂದಾಗಲಿ ತಿರುಗುವ ಅಲಗಿನಿಂದಾಗಲಿ ಕಲೆಯನ್ನು ಬಿಡಿಸುತ್ತಾರೆ. ಕೆಲವೊಮ್ಮೆ ತೊಡೆಯ ಸಂದಿನ ಅಭಿಧಮನಿಯ ಮೂಲಕ ಕುಣಿಕೆ ಹಾಕಿ ಎಳೆಯುವುದೂ ಉಂಟು. ಮಹಾಸಿರೆಯೋ ಹೃದಯದ ಗೋಡೆಯೋ ಹರಿದರೆ ನಿಮಿಷಗಳೊಳಗೆ ಎದೆಯನ್ನು ತೆರೆಯಬೇಕಾಗುತ್ತದೆ. ಆದುದರಿಂದ ಹೃದಯ ಶಸ್ತ್ರವೈದ್ಯರು ಸನ್ನದ್ಧರಾಗಿರುವ, ಈ ಕಾರ್ಯದಲ್ಲಿ ಪಳಗಿದ ಆಸ್ಪತ್ರೆಯಲ್ಲಿ ಮಾತ್ರ ಇದನ್ನು ಮಾಡಿಸತಕ್ಕದ್ದು.

2017ರಲ್ಲಿ ಪ್ರಕಟವಾದ ಯೂರೋಪಿನ ದೊಡ್ಡ ದಾಖಲೆಯೊಂದರಲ್ಲಿ 3,555 ರೋಗಿಗಳ ವಿವರವಿದೆ. ಸುಮಾರು ನೂರಕ್ಕೆ 97 ಮಂದಿಯಲ್ಲಿ ಉದ್ದೇಶ ಈಡೇರಿತು. ಈ ಕ್ರಿಯೆಯಿಂದಲೇ ಗಂಭೀರ ತೊಡಕು ಉಂಟಾದುದು ನೂರಕ್ಕೆ 1.7ರಷ್ಟು, ಅದರಲ್ಲಿ ಸೇರಿದ ಸಾವು ನೂರಕ್ಕೆ 0.5.

ವಯಸ್ಸು ಅಡ್ಡಿಯೆ?

"ಈ ವಯಸ್ಸಿನಲ್ಲಿ ಬೇಡ, ಔಷಧಿಯಲ್ಲೇ ಕಳೆಯೋಣ" ಎಂದು ಮಕ್ಕಳು ಹೇಳುವುದು ಸಹಜ. ಅದು ಪ್ರೀತಿಯ ಮಾತು. ಆದರೆ ವಾಸ್ತವ ಬೇರೆಯಾಗಿದೆ. ತಂತಿಯ ಸುತ್ತ ಬೆಳೆಯುವ ಕಲೆಯು ಎಳೆಯರಲ್ಲಿಯೇ ಹೆಚ್ಚು ದಟ್ಟವಾಗಿ, ಸುಣ್ಣಗಟ್ಟಿ ಗಡುಸಾಗುತ್ತದೆ. ಮುದುಕರಲ್ಲಿ ಅಷ್ಟಾಗಿ ಅಲ್ಲ. ಅನುಭವಿಗಳ ಕೈಯಲ್ಲಿ ಎಂಬತ್ತು ದಾಟಿದವರಲ್ಲಿಯೂ ತಂತಿ ತೆಗೆಯುವುದು ಬಹುಮಟ್ಟಿಗೆ ಸುರಕ್ಷಿತವೆಂದು ಕಂಡುಬಂದಿದೆ. ತಂತಿ ಎಷ್ಟು ವರ್ಷ ಹಳೆಯದು, ಮೂತ್ರಪಿಂಡಗಳು ಹೇಗಿವೆ, ಹೃದಯದ ಬಲವೆಷ್ಟು, ದೇಹ ಎಷ್ಟು ಕೃಶವಾಗಿದೆ, ನಂಜು ರಕ್ತಕ್ಕೆ ಏರಿದೆಯೆ ಎಂಬಿವೇ ಅಪಾಯವನ್ನು ನಿರ್ಣಯಿಸುವ ಅಂಶಗಳು; ಹುಟ್ಟಿದ ವರ್ಷವೊಂದೇ ಅಲ್ಲ. ತಡಮಾಡಿದಷ್ಟೂ ಇವುಗಳಲ್ಲಿ ಕೆಲವು ಕೆಡುತ್ತ ಹೋಗುತ್ತವೆ.

ಯಂತ್ರವನ್ನೇ ನಂಬಿರುವ ಹೃದಯಕ್ಕೆ ಈ ನಡುವೆ ತಾತ್ಕಾಲಿಕ ತಂತಿಯ ಮೂಲಕ ಹೊರಗಿನಿಂದ ಬಡಿತ ಕೊಡುತ್ತಾರೆ. ರಕ್ತಪರೀಕ್ಷೆಯಲ್ಲಿ ಕನಿಷ್ಠ 72 ಗಂಟೆಗಳ ಕಾಲ ರೋಗಾಣು ಕಾಣದಿದ್ದ ಮೇಲೆ, ಎದೆಯ ಇನ್ನೊಂದು ಪಾರ್ಶ್ವದಲ್ಲಿ ಹೊಸ ಯಂತ್ರವನ್ನಿಡುವುದು ವಾಡಿಕೆ. ಕೆಲವರಿಗೆ ತಂತಿಯೇ ಇಲ್ಲದ, ಹೃದಯದೊಳಗೇ ಕೂರುವ ಪುಟ್ಟ ಯಂತ್ರವೂ ಒಗ್ಗುತ್ತದೆ. ಮತ್ತೆ ಕೆಲವರಿಗೆ ಯಂತ್ರದ ಅಗತ್ಯವೇ ಉಳಿದಿರುವುದಿಲ್ಲ. ಆದುದರಿಂದ ಈ ಪ್ರಶ್ನೆಯನ್ನು ಕೇಳಲು ಸಂಕೋಚಪಡಬಾರದು.

ಹಾಸಿಗೆ ಹಿಡಿದು ತೀರ ಜರ್ಜರಿತರಾದವರ ಮಾತು ಬೇರೆ. ಅಂತಹವರಲ್ಲಿ ಔಷಧಿಯಿಂದ ಸೋಂಕನ್ನು ಅದುಮಿಟ್ಟು, ನೆಮ್ಮದಿಯಾಗಿರಿಸುವುದೂ ಒಂದು ಗೌರವದ ಮಾರ್ಗವೇ. ಡಿಫಿಬ್ರಿಲೇಟರ್ ಇರುವವರ ಅಂತ್ಯಕಾಲದಲ್ಲಿ ಅದು ಪದೇಪದೇ ಆಘಾತ ಕೊಟ್ಟು ನೋಯಿಸಬಹುದು. ಇದಕ್ಕೆ ಶಸ್ತ್ರಕ್ರಿಯೆ ಬೇಡ. ಹೊರಗಿನಿಂದಲೇ ಆ ಆಘಾತವನ್ನು ಸ್ಥಗಿತಗೊಳಿಸಬಹುದು. ಹಿರಿಯರು ಎಚ್ಚರದಿಂದಿರುವಾಗಲೇ ಅವರ ಇಚ್ಛೆಯನ್ನು ಕೇಳಿ ತಿಳಿದಿರುವುದು ಲೇಸು.

ಮರಣಾನಂತರ

ಹೇಳಲು ಕಷ್ಟವಾದರೂ ಹೇಳಬೇಕಾದ ಮಾತೊಂದಿದೆ. ದಹನಕ್ಕೆ ಮುನ್ನ ಪೆಟ್ಟಿಗೆಯನ್ನು ತೆಗೆಸಬೇಕು. ಕಾವಿಗೆ ಬ್ಯಾಟರಿ ಸಿಡಿಯುತ್ತದೆ. ವಿದ್ಯುತ್ ಚಿತಾಗಾರಕ್ಕೂ ಅಲ್ಲಿರುವವರಿಗೂ ಅಪಾಯ. 2002ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಬ್ರಿಟನ್ನಿನ ಸುಮಾರು ಅರ್ಧದಷ್ಟು ಚಿತಾಗಾರಗಳು ಇಂತಹ ಸ್ಫೋಟವನ್ನು ಕಂಡಿದ್ದವು. ಆಸ್ಪತ್ರೆಯಲ್ಲಿ ಇದು ಕೆಲವೇ ನಿಮಿಷಗಳ ಕೆಲಸ, ತಂತಿಗಳನ್ನು ತೆಗೆಯಬೇಕಿಲ್ಲ. ಡಿಫಿಬ್ರಿಲೇಟರ್ ಆದರೆ ಮೊದಲು ಅದನ್ನು ನಿಲ್ಲಿಸಿಯೇ ಮುಟ್ಟಬೇಕು. ಹೀಗೆ ತೆಗೆದ ಯಂತ್ರ ಇನ್ನೊಬ್ಬರಿಗೆ ಉಪಯೋಗವಾದೀತೆ ಎಂಬ ಪ್ರಯತ್ನಗಳೂ ನಡೆದಿವೆ. ಅಮೆರಿಕದಿಂದ ಬಂದ, ಮರುಶುದ್ಧೀಕರಿಸಿದ 106 ಡಿಫಿಬ್ರಿಲೇಟರುಗಳನ್ನು ಮುಂಬಯಿಯ 81 ಬಡರೋಗಿಗಳಿಗೆ ಅಳವಡಿಸಿದುದರ ವರದಿ 2012ರಲ್ಲಿ ಪ್ರಕಟವಾಯಿತು; ಅವರಲ್ಲಿ ಸೋಂಕಿನ ತೊಡಕು ಕಾಣಲಿಲ್ಲ.

ನೆನಪಿಡಬೇಕಾದ ಅಂಶಗಳು

1. ಯಂತ್ರದ ಮೇಲಿನ ಚರ್ಮ ಕೆಂಪಾದರೆ, ಬಿಸಿಯಾದರೆ, ತೆಳುವಾಗಿ ಹೊಳೆದರೆ, ಒಸರಿದರೆ, ಅದೇ ವಾರ ತಜ್ಞರಿಗೆ ತೋರಿಸಿರಿ.

2. ಊದಿದ ಜಾಗಕ್ಕೆ ಸೂಜಿ ಚುಚ್ಚಿ ನೀರು ತೆಗೆಯಲು ಬಿಡಬೇಡಿರಿ. ಒಳಗಿಲ್ಲದ ರೋಗಾಣು ಅದರಿಂದಲೇ ಒಳಸೇರಬಹುದು.

3. ಯಂತ್ರವಿರುವವರಿಗೆ ಕಾರಣ ತಿಳಿಯದ ಜ್ವರ ಬಂದರೆ, ರೋಗಾಣುನಾಶಕ ಔಷಧಿಯನ್ನು ಆರಂಭಿಸುವ ಮೊದಲೇ ರಕ್ತದ ಕಲ್ಚರ್ ಪರೀಕ್ಷೆ ಮಾಡಿಸಿರಿ.

4. ಯಂತ್ರದ ಗುರುತುಚೀಟಿಯು ಮಗನ ಬೀರುವಿನಲ್ಲಿ ಪುಣೆಯಲ್ಲೋ ದೆಹಲಿಯಲ್ಲೋ ಇದ್ದು, ತಂದೆ ಊರಿನಲ್ಲಿದ್ದರೆ ಪ್ರಯೋಜನವಿಲ್ಲ. ಅದು ಅವರ ಕಿಸೆಯಲ್ಲಿರಲಿ. ಪ್ರತಿ ಇಬ್ಬರಲ್ಲಿಯೂ ಇರಲಿ.

ನಾವು ಊರು ಬಿಟ್ಟು ಬಂದವರು. ನಮ್ಮ ಹಿರಿಯರ ಯೋಗಕ್ಷೇಮವನ್ನು ಬಹುಪಾಲು ದೂರವಾಣಿಯಲ್ಲಿಯೇ ವಿಚಾರಿಸುತ್ತೇವೆ. ಅವರೂ "ಚೆನ್ನಾಗಿದ್ದೇನೆ" ಎಂದೇ ಉತ್ತರಿಸುತ್ತಾರೆ. ಈ ಸಲ ಊರಿಗೆ ಹೋದಾಗ, ಯಂತ್ರವಿಟ್ಟ ಜಾಗವನ್ನು ಒಮ್ಮೆ ಕಣ್ಣಾರೆ ನೋಡಿ ಬನ್ನಿರಿ. ಅದಕ್ಕೆ ತಗಲುವುದು ಒಂದೇ ನಿಮಿಷ.