ಚಾಳೀಸಿಗೆ ಆವಿ ಕಟ್ಟಿತೆಂದು ಮಾಸ್ಕ್ ಇಳಿಸಬೇಡಿ



ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಕೆಲಸ. ಜಮಖಂಡಿ, ಮುಧೋಳ, ಬೀಳಗಿ ಕಡೆ ಕಬ್ಬು, ಜೋಳ, ರಾಶಿ. ಕೆಲಸ ಬೇರೆಯಾದರೂ ಧೂಳು ಎಲ್ಲ ಕಡೆ ಇದ್ದದ್ದೇ. ವಯಸ್ಸು ನಲವತ್ತು ದಾಟಿದರೆ ಕಡಿದ ಎಳೆ ಗಂಟು ಹಾಕಲು ಚಾಳೀಸು ಬೇಕು, ಧೂಳು ತಡೆಯಲು ಮಾಸ್ಕ್ ಬೇಕು. ಎರಡೂ ಹಾಕಿದರೆ ಗಾಜಿಗೆ ಆವಿ ಕಟ್ಟುತ್ತದೆ. ಆಗ ನಾವು ಏನು ಮಾಡುತ್ತೇವೆ? "ಎಳಿ ಕಾಣಬೇಕಲ್ರೀ ಅಕ್ಕಾ" ಎಂದು ಮಾಸ್ಕನ್ನು ಮೂಗಿನ ಕೆಳಗೆ ಇಳಿಸುತ್ತೇವೆ.

ಇದರಿಂದ ಏನಾಗುತ್ತದೆ?

ಹತ್ತಿಯ ಧೂಳು ವರ್ಷಗಟ್ಟಲೆ ಒಳಗೆ ಹೋದರೆ 'ಬಿಸಿನೋಸಿಸ್' ಎಂಬ ಶ್ವಾಸಕೋಶದ ರೋಗ ಬರಬಹುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿದಂತಾಗುವುದು ಇದರ ಮೊದಲ ಗುರುತು. ಅಲಕ್ಷ್ಯ ಮಾಡಿದರೆ ದಮ್ಮು ಕಾಯಂ ಆಗಬಹುದು.

ಆವಿ ಏಕೆ ಕಟ್ಟುತ್ತದೆ?

ಬಿಸಿ ಉಸಿರು ಮೂಗಿನ ಪಕ್ಕದ ಸಂದಿಯಿಂದ ಮೇಲೆ ಬಂದು ತಂಪು ಗಾಜಿಗೆ ತಾಗಿದಾಗ ಸಣ್ಣ ಹನಿಯಾಗುತ್ತದೆ. ಉಸಿರು ಹೊರಗೆ ಬರುವ ಸಂದಿಯಿಂದಲೇ ಧೂಳು ಒಳಗೂ ಹೋಗುತ್ತದೆ. ಆದ್ದರಿಂದ ಆವಿ ಕಂಡರೆ ಚಾಳೀಸನ್ನು ಬೈಯಬೇಡಿ, ಮೊದಲು ಮಾಸ್ಕ್ ಸರಿಯಾಗಿ ಕೂತಿದೆಯೇ ನೋಡಿ.

ನಾವು ಮಾಡಬೇಕಾದದ್ದು:

1. ಮೊದಲು ಮಾಸ್ಕ್, ಆಮೇಲೆ ಚಾಳೀಸು. ಚಾಳೀಸು ಮಾಸ್ಕಿನ ಮೇಲಂಚಿನ ಮೇಲೆ ಕೂಡಬೇಕು.

2. ಸೆರಗು ಕಟ್ಟಿಕೊಂಡರೆ ಸಾಲದು. ಎನ್-95 ಮಾಸ್ಕ್ ಸರಿಯಾಗಿ ಕೂತರೆ ಸಣ್ಣ ಕಣಗಳಲ್ಲಿ ಶೇ. 95ರಷ್ಟನ್ನಾದರೂ ತಡೆಯುತ್ತದೆ. ಅದರ ಮೂಗಿನ ಪಟ್ಟಿಯನ್ನು ಎರಡೂ ಕೈಬೆರಳಿನಿಂದ ಒತ್ತಿ ಕೂಡಿಸಿ.

3. ಮಾಸ್ಕಿನ ಮೇಲೆ ಎರಡೂ ಕೈ ಇಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆ ಗಾಳಿ ಬಂದರೆ ಪಟ್ಟಿ ಮತ್ತೆ ಒತ್ತಿ.

4. ಚಾಳೀಸನ್ನು ಸಾಬೂನು ನೀರಿನಲ್ಲಿ ಅದ್ದಿ, ಒರೆಸದೆ ಆರಲು ಬಿಡಿ. ಆವಿ ಕಡಿಮೆಯಾಗುತ್ತದೆ.

5. ಚಾಳೀಸಿಗೆ ಉದ್ದ ದಾರ ಕಟ್ಟಿ ಮಗ್ಗದ ಹತ್ತಿರ ಹೋಗಬೇಡಿ. ತಿರುಗುವ ಭಾಗಕ್ಕೆ ಸಿಕ್ಕೀತು.

ಇನ್ನೊಂದು ಮಾತು. ಬೆಳೆಗೆ ಎಣ್ಣೆ ಹೊಡೆಯುವಾಗ ಧೂಳಿನ ಮಾಸ್ಕ್ ಔಷಧದ ಆವಿಯನ್ನು ತಡೆಯುವುದಿಲ್ಲ. ಅದಕ್ಕೆ ಇದ್ದಿಲಿನ ಡಬ್ಬಿ ಇರುವ ಮಾಸ್ಕ್ ಬೇಕು. ಪೂರ್ತಿ ಮುಖ ಮುಚ್ಚುವ ಮಾಸ್ಕಿನೊಳಗೆ ಮಾಮೂಲಿ ಚಾಳೀಸು ಹಾಕಬಾರದು. ಕಿವಿಗೆ ಹೋಗುವ ಕಡ್ಡಿಯಿಂದ ಸಂದಿಯಾಗಿ ವಿಷ ಒಳಗೆ ಬರುತ್ತದೆ. ಚಾಳೀಸು ಕಣ್ಣಿಗೆ ರಕ್ಷಣೆಯೂ ಅಲ್ಲ, ಪಕ್ಕದಿಂದ ಹನಿ ಸಿಡಿಯುತ್ತದೆ. ಅರ್ಧ ಮುಖದ ಮಾಸ್ಕ್ ಆದರೆ ಚಾಳೀಸಿನ ಮೇಲೆ ಹಾಕುವ ದೊಡ್ಡ ಕನ್ನಡಕ ಧರಿಸಿ.

ಸಂಘದಲ್ಲಿ ಚರ್ಚಿಸಿರಿ:

* ನಮ್ಮಲ್ಲಿ ಎಷ್ಟು ಮಂದಿ ಚಾಳೀಸು ಬೇಕಿದ್ದರೂ ಹಾಕುತ್ತಿಲ್ಲ?
* ರಜೆಯ ಮರುದಿನ ಯಾರಿಗೆ ಎದೆ ಬಿಗಿಯುತ್ತದೆ? ಅವರನ್ನು ಆಸ್ಪತ್ರೆಗೆ ಯಾರು ಕರೆದೊಯ್ಯುತ್ತೀರಿ?
* ಎಲ್ಲರೂ ಕೂಡಿ ಒಮ್ಮೆಗೇ ಮಾಸ್ಕ್ ಕೊಳ್ಳಲು ಆಗುತ್ತದೆಯೇ?

ಕಣ್ಣೂ ನಮ್ಮದೇ, ಉಸಿರೂ ನಮ್ಮದೇ. ಒಂದಕ್ಕಾಗಿ ಇನ್ನೊಂದನ್ನು ಕಳೆದುಕೊಳ್ಳುವುದು ಬೇಡ.