ಕಾಂಕ್ರೀಟಿನ ಆಯುಷ್ಯ

ರೋಮ್ ನಗರದ ಪ್ಯಾಂಥಿಯನ್ ದೇವಾಲಯವು ಸುಮಾರು 1,900 ವರ್ಷಗಳಷ್ಟು ಹಳೆಯದು. ಕಾಂಕ್ರೀಟಿನಿಂದ ಕಟ್ಟಿದ ಅದರ ವಿಶಾಲವಾದ ಗುಮ್ಮಟವು ಇಂದಿಗೂ ನಿಂತಿದೆ. ಆದರೆ ಗೋವೆಯ ಪಣಜಿಯಲ್ಲಿ ಮಾಂಡೋವಿ ನದಿಗೆ ಅಡ್ಡಲಾಗಿ 1970ರಲ್ಲಿ ನಿರ್ಮಿಸಿದ ಕಾಂಕ್ರೀಟು ಸೇತುವೆಯು 1986ರ ಜುಲೈ 5ರಂದು ಕುಸಿದು ಬಿದ್ದಿತು. ಕರ್ನಾಟಕದಲ್ಲಿ ಹುಟ್ಟಿ, ಇಲ್ಲಿ ಮಹದಾಯಿ ಎಂದು ಹೆಸರಾದ ನದಿಯೇ ಅದು. ಒಂದು ಶತಮಾನಗಳನ್ನು ದಾಟಿತು. ಇನ್ನೊಂದು ಹದಿನಾರು ವರ್ಷಗಳಲ್ಲಿ ಅಳಿಯಿತು. ಇದಕ್ಕೆ ಕಾರಣವೇನು?

ಕಾಂಕ್ರೀಟು ಕಲ್ಲಿನಂತೆ ಒತ್ತಡವನ್ನು ತಾಳಬಲ್ಲದು, ಎಳೆತವನ್ನು ತಾಳಲಾರದು. ಹೊರೆ ಹೊತ್ತ ತೊಲೆಯು ಬಾಗಿದಾಗ ಅದರ ಕೆಳಭಾಗವು ಎಳೆತಕ್ಕೆ ಒಳಗಾಗಿ ಬಿರಿಯುತ್ತದೆ. ಈ ಕೊರತೆಯನ್ನು ನೀಗಲು ಒಳಗೆ ಉಕ್ಕಿನ ಸರಳುಗಳನ್ನು ಇಡುತ್ತಾರೆ. ಪ್ಯಾಂಥಿಯನ್ನಿನ ಗುಮ್ಮಟದ ಕಾಂಕ್ರೀಟಿನಲ್ಲಿ ಉಕ್ಕಿನ ಸರಳುಗಳಿಲ್ಲ. ಆದುದರಿಂದ ಅದಕ್ಕೆ ತುಕ್ಕಿನ ಭಯವೂ ಇಲ್ಲ. ಇಂದಿನ ಕಟ್ಟಡಗಳಿಗೆ ಉಕ್ಕು ಬಲವನ್ನು ನೀಡುವುದರೊಡನೆ ಈ ಭಯವನ್ನೂ ತಂದಿದೆ.

ಹೊಸ ಕಾಂಕ್ರೀಟಿನ ಕ್ಷಾರಗುಣವು ಉಕ್ಕಿನ ಮೇಲೆ ತೆಳುವಾದ ರಕ್ಷಾಪದರವನ್ನು ಉಂಟುಮಾಡುತ್ತದೆ. ಗಾಳಿಯಲ್ಲಿರುವ ಇಂಗಾಲದ ಡೈ ಆಕ್ಸೈಡು ಸೂಕ್ಷ್ಮರಂಧ್ರಗಳ ಮೂಲಕ ವರ್ಷಗಟ್ಟಲೆ ಒಳಸೇರಿ ಈ ಕ್ಷಾರಗುಣವನ್ನು ಕುಂದಿಸುತ್ತದೆ. ಕಡಲತೀರದಲ್ಲಿ ಉಪ್ಪಿನ ಕ್ಲೋರೈಡು ಆ ಪದರವನ್ನೇ ಭೇದಿಸುತ್ತದೆ. ಬಳಿಕ ನೀರು ಮತ್ತು ಆಮ್ಲಜನಕಗಳ ಸಂಪರ್ಕದಿಂದ ಉಕ್ಕು ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಲೋಹಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಕಾಂಕ್ರೀಟು ಒಳಗಿನಿಂದಲೇ ಬಿರಿದು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಮಾಂಡೋವಿ ಸೇತುವೆಯೊಳಗೆ ಬಿಗಿಯಾಗಿ ಸೆಳೆದು ಇರಿಸಿದ್ದ ಉಕ್ಕಿನ ತಂತಿಗಳನ್ನು ಸವೆಸಿದುದು ಈ ತುಕ್ಕೇ.

ಆದಕಾರಣ ದೀರ್ಘಾಯುಷ್ಯಕ್ಕೆ ಬೇಕಾದುದನ್ನು ನಕ್ಷೆ ಬರೆಯುವಾಗಲೇ ಯೋಚಿಸಬೇಕು. ಸರಳಿಗೂ ಹೊರಮೈಗೂ ನಡುವೆ ಇರುವ ಕಾಂಕ್ರೀಟಿನ ಹೊದಿಕೆಯೇ ಉಕ್ಕಿನ ಕವಚ. 2000ದಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ ಐಎಸ್ 456 ಈ ಹೊದಿಕೆಯನ್ನು ಸಾಧಾರಣ ಪರಿಸರದಲ್ಲಿ 20 ಮಿಲಿಮೀಟರ್, ಸಮುದ್ರದ ನೀರು ಸಿಡಿಯುವೆಡೆಯಲ್ಲಿ 50 ಮಿಲಿಮೀಟರ್ ಎಂದು ವಿಧಿಸಿತು. ಕವಚವು ದಪ್ಪವಾಗಿದ್ದರಷ್ಟೇ ಸಾಲದು, ಗಟ್ಟಿಯಾಗಿಯೂ ಇರಬೇಕು. ಕಲಸುವಾಗ ಹೆಚ್ಚಾದ ನೀರು ಆರಿಹೋಗಿ ರಂಧ್ರಗಳನ್ನು ಉಳಿಸುತ್ತದೆ. ಆದ್ದರಿಂದ ಅಂತಹ ಕಡಲತೀರದ ಕೆಲಸದಲ್ಲಿ 50 ಕಿಲೋಗ್ರಾಂ ಸಿಮೆಂಟಿನ ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರಿಗಿಂತ ಹೆಚ್ಚು ನೀರು ಸಲ್ಲದು. ಕಾಂಕ್ರೀಟನ್ನು ಗಾಳಿಯ ಗುಳ್ಳೆಗಳು ಉಳಿಯದಂತೆ ದಮ್ಮಸು ಮಾಡಬೇಕು. ಕನಿಷ್ಠ ಏಳು ದಿನಗಳ ಕಾಲ ಅದರ ಮೈಯನ್ನು ತೇವವಾಗಿಡಬೇಕು. ಮಳೆನೀರು ನಿಲ್ಲದೆ ಹರಿದುಹೋಗುವಂತೆ ಇಳಿಜಾರು ಕೊಡಬೇಕು.

ಇವುಗಳಲ್ಲಿ ಯಾವುದೂ ಹೆಚ್ಚಿನ ವೆಚ್ಚದ ಕಾರ್ಯವಲ್ಲ. ಆದರೆ ಗಾರೆ ಬಳಿದ ಮೇಲೆ ಇಂತಹ ಲೋಪಗಳು ಯಾರ ಕಣ್ಣಿಗೂ ಬೀಳುವುದಿಲ್ಲ. ಅವುಗಳ ಫಲವನ್ನು ಮುಂದೆ ಆ ಸೇತುವೆಯ ಮೇಲೆ ನಡೆಯುವ ಜನರು ಅನುಭವಿಸಬೇಕಾಗುತ್ತದೆ. ಕಾಣದ ಕೆಲಸವನ್ನೂ ಕಾಣುವ ಕೆಲಸದಷ್ಟೇ ಶ್ರದ್ಧೆಯಿಂದ ಮಾಡುವುದು ಕಟ್ಟುವವರ ಕರ್ತವ್ಯ.